ದೇವರಿಗೆ ಸಿಕ್ಕ ಆಶ್ರಯ, ಸಿದ್ದಿಗೆ ಸಿಕ್ಕ ಕಾಡು

ಗೋವಾದಿಂದ ದೇವರುಗಳು ಓಡಿಬಂದ ಕಥೆಯನ್ನು ಕೇಳದವರು ನಮ್ಮ ಉತ್ತರ ಕನ್ನಡದಲ್ಲಿ ಕಡಿಮೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. 1540ರ ಹೊತ್ತಿಗೆ ತಿಸ್ವಾಡಿಯ ಗುಡಿಗಳು ನೆಲಸಮವಾದವು. 1543ರಲ್ಲಿ ಸಾಷ್ಟಿ, ಬಾರ್ದೇಶಗಳು ಅವರ ಕೈಸೇರಿದವು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟು ಬಂದು ಕೂತಿತು. ನಡುವೆ ನಾಲ್ಕು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ಅದು ಏಳಲೇ ಇಲ್ಲ. ಆ ದಿನಗಳಲ್ಲಿ ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ ಬಂದ, ವೆರ್ಣೆಯ ಮ್ಹಾಳಸೆ ಮಾರ್ದೋಳಕ್ಕೆ ಬಂದಳು, ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ಇವೆಲ್ಲ ಫೋಂಡಾ ಸೀಮೆಯ ಊರುಗಳು. ಆ ಸೀಮೆ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಅಂದ್ರೆ, ಕ್ರೈಸ್ತ ಅರಸನ ಪಾದ್ರಿಗಳಿಗೆ ಹೆದರಿ ಊರು ಬಿಟ್ಟ ಹಿಂದೂ ದೇವರುಗಳಿಗೆ ಆಶ್ರಯ ಸಿಕ್ಕಿದ್ದು ಮುಸಲ್ಮಾನ ಸುಲ್ತಾನನ ನೆಲದಲ್ಲಿ. ಈ ಮಾತನ್ನು ಇವತ್ತು ಯಾವ ಜಾತ್ರೆಯ ಮೈಕಿನಲ್ಲೂ ಯಾರೂ ಹೇಳೋದಿಲ್ಲ. ಹೇಳಿದರೆ ಕಥೆಯ ರುಚಿ ಕೆಡುತ್ತದೆ.

ದೇವರ ಹಿಂದೆ ಭಕ್ತರು ಬಂದರು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಅಲ್ಲಿಂದ ತೆಂಕಣಕ್ಕೆ ಮಂಗಳೂರು, ಕಾಸರಗೋಡು, ಕೊಚ್ಚಿಯವರೆಗೂ ಹೋದರು. ಈ ಯಾತನೆಯ ವಲಸೆಯ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಕಾದಂಬರಿಯೇ ಬಂದಿದೆ. ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' 2009ರಲ್ಲಿ ಪ್ರಕಟವಾಯಿತು, 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಧರ್ಮದ ಹೆಸರಿನ ಹಿಂಸೆಗೆ ಊರು ಬಿಟ್ಟು ಬೇರೆ ನೆಲದಲ್ಲಿ ಆಸರೆ ಕೇಳಿದವರ ನೋವನ್ನು ಇಷ್ಟು ವಿಸ್ತಾರವಾಗಿ ಹಿಡಿದ ಕನ್ನಡ ಪುಸ್ತಕ ಇನ್ನೊಂದನ್ನು ತೋರಿಸುವುದು ಕಷ್ಟ. ಆ ನೋವು ಸುಳ್ಳು ಎಂದು ನಾವು ಹೇಳುತ್ತಿಲ್ಲ. ಮನೆದೇವರ ಗುಡಿ ಒಡೆಸಿಕೊಂಡವನ ಸಂಕಟಕ್ಕೆ ಜಾತಿ ಕೇಳುವ ಸಣ್ಣತನ ನಮಗೆ ಬೇಡ.

ನಮ್ಮ ತಕರಾರು ಇರುವುದು ಬೇರೆ ಕಡೆ. ಇಂಥ ಕಥೆ ಯಾವ ಆಕಾರದಲ್ಲಿ ಹುಟ್ಟುತ್ತದೆ? ವಂಶದ ಕಥೆಯಾಗಿ. ಅಜ್ಜ, ಅಜ್ಜನ ಅಪ್ಪ, ಅವನ ಗೋತ್ರ, ಅವನ ಕುಳಾವಿ ದೇವರು, ಅವನು ಬಿಟ್ಟುಬಂದ ಗದ್ದೆ, ಅವನು ಬಂದು ಹಿಡಿದ ಜಮೀನು. ತಲೆಮಾರಿನ ಮೇಲೆ ತಲೆಮಾರು ಪೋಣಿಸಿಕೊಂಡು ಬಂದರೆ ಕಾದಂಬರಿ ಬೆಳೆಯುತ್ತದೆ. ಇದು ಒಬ್ಬ ಲೇಖಕನ ತಪ್ಪಲ್ಲ, ಆ ಪ್ರಕಾರದ ಸ್ವಭಾವ. ಆದರೆ ವಂಶಾವಳಿ ಇಟ್ಟುಕೊಳ್ಳಲು ಮಠ ಬೇಕು, ಪುರೋಹಿತ ಬೇಕು, ಓದುಬರಹ ಬೇಕು, ಹೆಸರಿಗೆ ಒಂದು ತುಂಡು ಭೂಮಿ ಬೇಕು. ಇವು ಯಾವುವೂ ಇಲ್ಲದವನು ಅದೇ ಗೋವಾದಿಂದ, ಅದೇ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಓಡಿದ್ದರೆ ಅವನ ಕಾದಂಬರಿಯನ್ನು ಯಾವ ಆಕಾರದಲ್ಲಿ ಬರೆಯೋಣ? ಮ್ಹಾಳಸೆಯ ಪಲ್ಲಕ್ಕಿ ಹೊತ್ತವರ ಹೆಸರೇ ಉಳಿದಿಲ್ಲ. ಪಲ್ಲಕ್ಕಿ ಇಲ್ಲದೆ ಓಡಿದವನ ಹೆಸರು ಎಲ್ಲಿಂದ ಉಳಿದೀತು?

ಹಾಗೆ ಓಡಿದವರು ಇದ್ದಾರೆ. ಯಲ್ಲಾಪುರದ ಕಾಡಿನಲ್ಲಿ ಇದ್ದಾರೆ, ಶಿರಸಿ, ಅಂಕೋಲೆ, ಹಳಿಯಾಳ, ಮುಂಡಗೋಡಿನಲ್ಲೂ ಇದ್ದಾರೆ. ನಾವು ಅವರನ್ನು ಸಿದ್ದಿಗಳು ಎನ್ನುತ್ತೇವೆ.

ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕದ ಕರಾವಳಿಯಿಂದ ಹಡಗಿನಲ್ಲಿ ತುಂಬಿ ತಂದ ಜನ ಗೋವಾದ ಪೇಟೆಯಲ್ಲಿ ಮಾರಾಟವಾದರು. ಕೊಂಡ ಧಣಿಯ ಮನೆಯಲ್ಲಿ ಅವರಿಗೆ ಮೊದಲು ಸಿಗುತ್ತಿದ್ದದ್ದು ದೀಕ್ಷಾಸ್ನಾನ, ಅದರ ಜೊತೆಗೆ ಹೊಸ ಹೆಸರು, ಅದರ ಜೊತೆಗೆ ಚಾಟಿ. ಘಟ್ಟ ಹತ್ತಿ ಕಾಡು ಸೇರಿದವರು ಇವರು. ಬಿಜಾಪುರದ ದಂಡಿನಿಂದ, ಬೇರೆ ದಾರಿಗಳಿಂದ ಬಂದವರೂ ಇದ್ದಾರೆ, ಆದರೆ ಘಟ್ಟದ ಮೇಲಿನ ಸಿದ್ದಿಗಳ ನಾಲಗೆ ಇವತ್ತಿಗೂ ಸಾಕ್ಷಿ ಹೇಳುತ್ತದೆ. ಅವರ ಮನೆಮಾತು ಒಂದು ಬಗೆಯ ಕೊಂಕಣಿ. ಆಫ್ರಿಕದ ಮಾತು ಹೋಯಿತು, ಗೋವಾದ ಮಾತು ಉಳಿಯಿತು. ಡಮಾಮಿ ಕುಣಿತದ ಚರ್ಮವಾದ್ಯವೊಂದು ಬಿಟ್ಟರೆ ಹಡಗಿನ ಆಚೆಯದು ಎಂದು ಕೈಯಿಟ್ಟು ತೋರಿಸುವಂಥದ್ದು ಹೆಚ್ಚೇನೂ ಉಳಿದಿಲ್ಲ.

ಈಗ ಯಾರಾದರೂ ಬುದ್ಧಿವಂತರು ಕೇಳುತ್ತಾರೆ. ಸ್ವಾಮಿ, ಇವರು ಓಡಿದ್ದು ಗುಲಾಮಗಿರಿಗೆ ಹೆದರಿ, ಧರ್ಮಕ್ಕಾಗಿ ಅಲ್ಲವಲ್ಲ, ಎರಡನ್ನೂ ಯಾಕೆ ಕಲಸುತ್ತೀರಿ ಅಂತ. ಕಲಸಿದ್ದು ನಾವಲ್ಲ. ಒಬ್ಬನ ಹೆಸರನ್ನು ಕಿತ್ತು ಹೊಸ ಹೆಸರು ಅಂಟಿಸುವ ಕೈ, ಅವನ ಬೆನ್ನಿಗೆ ಹೊಡೆಯುವ ಕೈ, ಎರಡೂ ಒಂದೇ ಮನೆಯಲ್ಲಿ ಇದ್ದವು. ಇಗರ್ಜಿಗೆ ಹೋಗು ಎಂದವನೂ ಅವನೇ, ಹೊರೆ ಹೊರು ಎಂದವನೂ ಅವನೇ. ಬ್ರಾಹ್ಮಣನ ದೇವರನ್ನು ಕಿತ್ತರೆ ಅದು ಧರ್ಮದ ಮೇಲಿನ ಹಿಂಸೆ, ಗುಲಾಮನ ದೇವರನ್ನು ಕಿತ್ತರೆ ಅದು ಕೂಲಿಯ ಪ್ರಶ್ನೆ ಅಂತ ವಿಂಗಡಿಸುವ ವಿದ್ವತ್ತಿನ ಒಳಗೆ ಒಂದು ನಂಬಿಕೆ ಕೂತಿದೆ: ಗುಲಾಮನಿಗೆ ದೇವರೇ ಇರಲಿಲ್ಲ ಎಂಬ ನಂಬಿಕೆ. ನಮ್ಮ ಕೇರಿಗಳ ಬಗ್ಗೆ ಕೂಡ ಇದೇ ಮಾತನ್ನು ಬಹಳ ಕಾಲ ಹೇಳಿಕೊಂಡು ಬಂದರು. ನಿಮ್ಮದೆಲ್ಲ ದೇವರೇ ಅಲ್ಲ, ದೆವ್ವ ಅಂತ.

ಕಾಡು ಸಿದ್ದಿಗೆ ಕಾಗದ ಕೇಳಲಿಲ್ಲ, ನಿಜ. ಆದರೆ ಕಾಡಿನ ಅಂಚಿನಲ್ಲಿ ಅಡಿಕೆ ತೋಟ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಬದುಕು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷ್ ಸರ್ಕಾರ ತೋಟಿಗರಿಗೆ ಸವಲತ್ತು ಬರೆದುಕೊಟ್ಟಿತು. ಆ ಬೆಟ್ಟ ಹತ್ತಿ ಸೊಪ್ಪು ಕಡಿದವರು, ಹೊರೆ ಹೊತ್ತವರು, ಕೊನೆ ಇಳಿಸಿದವರು, ಸಿಂಗಾರದ ಮೇಲೆ ಕೊಟ್ಟೆ ಕಟ್ಟಿದವರು ಯಾರು? ಒಂಬತ್ತು ಎಕರೆಯ ಹಕ್ಕು ತೋಟಕ್ಕೆ ಬಂತು, ತೋಟಕ್ಕೆ ದುಡಿದವನಿಗೆ ಬರಲಿಲ್ಲ. ಸಿದ್ದಿ ಸಾಲ ಮಾಡಿದ, ಸಾಲ ತೀರಲಿಲ್ಲ, ಮಗ ದುಡಿದ. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ, ಅದಾದ ಮೇಲೂ ಎಷ್ಟೋ ಕಾಲ, ಒಬ್ಬ ಧಣಿಯಿಂದ ಓಡಿ ಬಂದವನು ಇನ್ನೊಬ್ಬ ಧಣಿಯ ಅಂಗಳದಲ್ಲಿ ನಿಂತಿದ್ದ. ಆಶ್ರಯ ಎಂಬ ಸಂಸ್ಕೃತ ಪದವನ್ನು ನಮ್ಮ ವಿದ್ವಾಂಸರು ಬಾಯಿತುಂಬ ಬಳಸುತ್ತಾರಲ್ಲ, ಅದರ ಅರ್ಥವನ್ನು ಯಲ್ಲಾಪುರದ ಕಡೆಯ ಯಾವುದಾದರೂ ಸಿದ್ದಿ ಮನೆಯ ಮುದುಕಿಯನ್ನು ಕೇಳಿ ತಿಳಿಯುವುದು ಒಳ್ಳೆಯದು.

ಇದೇ ಹೊತ್ತಿನ ಇನ್ನೊಬ್ಬ ಆಶ್ರಯಾರ್ಥಿಯ ಕಥೆಯನ್ನೂ ನೋಡಬೇಕು. ಶಿರಸಿಯ ಪಕ್ಕದ ಸೋಂದೆಯ ಅರಸರು ದೊಡ್ಡ ಆಶ್ರಯದಾತರು ಎಂದು ಹೆಸರಾದವರು. ಜೈನ ಮಠ, ವಾದಿರಾಜರ ಮಠ, ಸ್ವರ್ಣವಲ್ಲಿ ಮಠ ಎಲ್ಲ ಆ ಸುತ್ತಿನಲ್ಲೇ ಇವೆ. ಗೋವಾದ ದೇವರುಗಳು ನೆಲೆಸಿದ ಫೋಂಡಾ ಸೀಮೆಯೂ ಹದಿನೇಳನೆಯ ಶತಮಾನದ ಕೊನೆಯ ಭಾಗದಿಂದ 1763ರವರೆಗೆ ಇವರ ಕೈಯಲ್ಲಿತ್ತು. ಹೈದರಾಲಿಯ ದಂಡು ಬಂದಾಗ ಸೋಂದೆಯ ಅರಸ ಎಲ್ಲಿಗೆ ಹೋದ? ಗೋವಾಕ್ಕೆ. ಪೋರ್ಚುಗೀಸರ ಹತ್ತಿರ. ಇನ್‌ಕ್ವಿಸಿಷನ್ ಕೋರ್ಟು ಇನ್ನೂ ಬಾಗಿಲು ಮುಚ್ಚಿರಲಿಲ್ಲ! ಯಾರ ಹಿಂಸೆಗೆ ಹೆದರಿ ದೇವರುಗಳು ಓಡಿಬಂದವೋ ಅವರ ನೆರಳಿನಲ್ಲೇ ಅರಸ ಬಾಂದಿವಡೆಯಲ್ಲಿ ಅರಮನೆ ಮಾಡಿಕೊಂಡು ಕೂತ. 1791ರಲ್ಲಿ ಸೀಮೆಯ ಹಕ್ಕು ಬರೆದುಕೊಟ್ಟ. ಯಾವ ಪಾದ್ರಿಯೂ ಅವನ ಜುಟ್ಟು ಹಿಡಿಯಲಿಲ್ಲ. ಕೊಡಲು ಸೀಮೆ ಇದ್ದವನಿಗೆ ಧರ್ಮ ಎಲ್ಲೂ ಅಡ್ಡ ಬರುವುದಿಲ್ಲ ಎಂಬುದನ್ನು ಇತಿಹಾಸದ ಮೇಷ್ಟ್ರುಗಳು ಮಕ್ಕಳಿಗೆ ಈ ಒಂದು ಉದಾಹರಣೆಯಲ್ಲೇ ತಿಳಿಸಬಹುದು.

ಇನ್ನು ನಮ್ಮ ಕಾಲಕ್ಕೆ ಬರೋಣ. ಶಿರಸಿ, ಯಲ್ಲಾಪುರ ಎರಡಕ್ಕೂ ನೆರೆಯ ತಾಲ್ಲೂಕು ಮುಂಡಗೋಡ. 1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು, ಹಿಂದೆ ಸಾವಿರಾರು ಜನ ಬಂದರು. 1966ರಲ್ಲಿ, ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದಾಗ, ಮುಂಡಗೋಡದಲ್ಲಿ ಸುಮಾರು 4,000 ಎಕರೆ ಬಿಟ್ಟುಕೊಟ್ಟು ಟಿಬೆಟನ್ನರ ಕಾಲೊನಿ ಮಾಡಿದರು. ಲ್ಹಾಸಾದ ಸುತ್ತಲಿದ್ದ ಡ್ರೆಪುಂಗ್, ಗಾಂಡೆನ್ ಮಠಗಳು ಇಲ್ಲಿ ಮತ್ತೆ ಎದ್ದವು. ಒಳ್ಳೆಯ ಕೆಲಸ. ಮನೆ ಕಳಕೊಂಡವನಿಗೆ ನೆಲ ಕೊಡುವುದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ. ಟಿಬೆಟಿನ ರೈತ ಬೇರೆ, ಅಲ್ಲಿನ ಮಠಾಧೀಶ ಬೇರೆ ಎಂಬ ಲೆಕ್ಕವನ್ನೂ ಈಗ ತೆಗೆಯುವುದಿಲ್ಲ. ನಾವು ಗಮನಿಸಬೇಕಾದ್ದು ಒಂದೇ. ಸರ್ಕಾರ ಮನಸ್ಸು ಮಾಡಿದರೆ ನೆಲ ಇರುತ್ತದೆ. ಜನರನ್ನು ಒಟ್ಟಿಗೆ ನೆಲೆಗೊಳಿಸುವ ಯೋಜನೆ ಇರುತ್ತದೆ, ಶಾಲೆ ಇರುತ್ತದೆ, ಆಸ್ಪತ್ರೆ ಇರುತ್ತದೆ. ಇದೇ ಜಿಲ್ಲೆಯ ಕಾಡಿನಲ್ಲಿ ಹತ್ತಾರು ತಲೆಮಾರು ಕಳೆದ ಸಿದ್ದಿಗೆ ಪರಿಶಿಷ್ಟ ಪಂಗಡ ಎಂಬ ಹೆಸರು ಸಿಗಲು 2003ರವರೆಗೆ ಕಾಯಬೇಕಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರವರೆಗೆ ಕಾದರು. ಅದೇ ವರ್ಷ ಒಬ್ಬ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಂತೋಷವೇ, ಆದರೆ ಒಂದು ಕುರ್ಚಿಯನ್ನು ನಾನೂರು ವರ್ಷದ ಬಾಕಿಗೆ ಜಮೆ ಹಾಕಿಕೊಳ್ಳಲಾಗದು.

ಯಾಕೆ ಹೀಗೆ? ಕಾನೂನಿನ ಪಠ್ಯವನ್ನು ಕವಿತೆ ಓದುವಷ್ಟೇ ಎಚ್ಚರದಿಂದ ಓದಬೇಕು ಎಂದು ನಾವು ಹೇಳುತ್ತ ಬಂದಿರುವುದು ಇದಕ್ಕೇ. ನಿರಾಶ್ರಿತ ಯಾರು ಎಂದು ವಿಶ್ವಸಂಸ್ಥೆಯ 1951ರ ಒಪ್ಪಂದ ಹೇಳುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಹಿಂಸೆಯ ಭಯ ಇರಬೇಕು. ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಇರಲಿ. ಐದು ಕಾರಣ ಹೇಳಿದ ಮೇಲೆ ಆ ವಾಕ್ಯ ಇನ್ನೊಂದು ಷರತ್ತು ಇಡುತ್ತದೆ: ಅವನು ತನ್ನ ದೇಶದ ಹೊರಗೆ ಇರಬೇಕು. ಗಡಿ ದಾಟಿರಬೇಕು. ದಾಟದವನು ಎಷ್ಟೇ ಹೊಡೆಸಿಕೊಂಡಿದ್ದರೂ ನಿರಾಶ್ರಿತ ಅಲ್ಲ.

ನಮ್ಮ ಸಂಸತ್ತು 2019ರಲ್ಲಿ ಮಾಡಿದ ಪೌರತ್ವ ತಿದ್ದುಪಡಿ ಕಾಯ್ದೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಗಡಿಯನ್ನೂ ಆರಿಸಿತು, ದೇವರನ್ನೂ ಆರಿಸಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ, ಈ ಮೂರೇ ದೇಶ. ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ, ಈ ಆರೇ ಧರ್ಮ. 2014ರ ಡಿಸೆಂಬರ್ 31ರೊಳಗೆ ಬಂದಿರಬೇಕು. ಚೀನಾದಿಂದ ಹಿಂಸೆ ತಿಂದ ಮುಂಡಗೋಡದ ಟಿಬೆಟನ್ ಬೌದ್ಧ ಇದರೊಳಗೆ ಇಲ್ಲ, ಲಂಕೆಯ ತಮಿಳ ಇಲ್ಲ, ಬರ್ಮಾದ ರೋಹಿಂಗ್ಯಾ ಇಲ್ಲ, ಪಾಕಿಸ್ತಾನದಲ್ಲಿ ಮುಸಲ್ಮಾನನೇ ಅಲ್ಲ ಅನ್ನಿಸಿಕೊಂಡ ಅಹಮದೀಯ ಇಲ್ಲ. 2024ರ ಮಾರ್ಚಿನಲ್ಲಿ ನಿಯಮ ಹೊರಟಿತು. ಅರ್ಜಿದಾರ ಇಂಥ ಧರ್ಮದವನು ಎಂದು ಸ್ಥಳೀಯವಾಗಿ ಹೆಸರುಳ್ಳ ಸಮುದಾಯ ಸಂಸ್ಥೆಯೊಂದು ಪ್ರಮಾಣಪತ್ರ ಕೊಡಬೇಕು ಎಂದು ಅದರಲ್ಲಿ ಬರೆದಿದ್ದರು. ಹೆಸರುಳ್ಳ ಸಂಸ್ಥೆ ಎಂದರೆ ಯಾವುದು ಎಂದು ಹಳ್ಳಿಯ ಜನಕ್ಕೆ ಯಾರೂ ವಿವರಿಸಬೇಕಾಗಿಲ್ಲ. ಪುರೋಹಿತಶಾಹಿ ಹಿಂಬಾಗಿಲಿನಿಂದ ಬಂದು ದೇಶದ ಹೆಬ್ಬಾಗಿಲ ಪಹರೆಗೆ ನಿಂತ ಬಗೆ ಇದು.

ಈ ಕಾಯ್ದೆ ದಲಿತರಿಗೇ ಅನುಕೂಲ, ಬಾಂಗ್ಲಾದಿಂದ ಬಂದವರಲ್ಲಿ ಹೆಚ್ಚಿನವರು ದಲಿತರು ಅಂತ ಕೆಲವು ಗೆಳೆಯರು ವಾದಿಸುತ್ತಾರೆ. ವಾದದಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಹೋಗಿ ನೋಡಿ. ಎಪ್ಪತ್ತರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದಿಂದ ಬಂದವರನ್ನು ಅಲ್ಲಿ ನೆಲೆಗೊಳಿಸಿದರು, ಬಹುಪಾಲು ನಾಮಶೂದ್ರರು. ಇದೇ ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್ 1950ರಲ್ಲಿ ಪಾಕಿಸ್ತಾನದ ಕಾನೂನು ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದದ್ದು. ಬಂಗಾಳದಲ್ಲಿ ನಾಮಶೂದ್ರ ಪರಿಶಿಷ್ಟ ಜಾತಿ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಅಂದ್ರೆ, ಗಡಿಯಲ್ಲಿ ಅವನನ್ನು ಹಿಂದೂ ಎಂದು ಲೆಕ್ಕ ಹಾಕಿ ಒಳಗೆ ಬಿಟ್ಟುಕೊಂಡವರು, ಒಳಗೆ ಬಂದ ಮೇಲೆ ಅವನು ದಲಿತ ಎಂದು ಒಪ್ಪಲು ತಯಾರಿಲ್ಲ. ಅನ್ಯಧರ್ಮದವನು ಹೊಡೆದ ಪೆಟ್ಟು ಮಾತ್ರ ಪೆಟ್ಟು. ಸ್ವಧರ್ಮದವನು ಹೊಡೆದದ್ದು ಸಂಪ್ರದಾಯ.

ಹಾಗಾದರೆ ಚಂದ್ರಗುತ್ತಿಯನ್ನು ಏನೆಂದು ಕರೆಯೋಣ? ಸೊರಬ ತಾಲ್ಲೂಕಿನ ಆ ಊರು ಸಿದ್ದಾಪುರದ ಮಗ್ಗುಲಿಗೇ ಇದೆ. ಹರಕೆಯ ಹೆಸರಿನಲ್ಲಿ ನಮ್ಮ ಅಕ್ಕತಂಗಿಯರನ್ನು ಬೆತ್ತಲೆ ಮಾಡಿ ರೇಣುಕಾಂಬೆಯ ಗುಡಿಗೆ ನಡೆಸುತ್ತಿದ್ದರು. 1986ರ ಮಾರ್ಚಿನಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಹಲ್ಲೆಯಾಯಿತು, ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ನಿಷೇಧ ಹಾಕಿತು. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಸಿದ್ಧೇಶ್ವರನ ಗುಡಿಗೆ ದಲಿತರು ಬರಬಾರದು ಎಂಬಲ್ಲಿಂದ ಹೊತ್ತಿಕೊಂಡ ದ್ವೇಷ 1993ರ ಮಾರ್ಚಿನಲ್ಲಿ ಮೂವರು ದಲಿತರನ್ನು ಕೊಂದಿತು. ದೇವರ ಬಾಗಿಲಲ್ಲಿ ಹುಟ್ಟಿ ದೇವರ ಹೆಸರಿನಲ್ಲೇ ನಡೆದ ಈ ಹಿಂಸೆ ಧರ್ಮದ ಹಿಂಸೆ ಅಲ್ಲವಾದರೆ ಯಾವುದು ಹೌದು? ಬದನವಾಳಿನವನು ಯಾವ ಗಡಿ ದಾಟಬೇಕಿತ್ತು?

ಬಾಬಾಸಾಹೇಬರು ಈ ಪ್ರಶ್ನೆಯನ್ನು ನಮಗಿಂತ ಎಷ್ಟೋ ಮೊದಲು ಕೇಳಿದ್ದರು. 1931ರಲ್ಲಿ ಗಾಂಧಿಯ ಎದುರು ಕೂತು ತನಗೊಂದು ತಾಯ್ನಾಡೇ ಇಲ್ಲ ಎಂಬರ್ಥದ ಮಾತು ಆಡಿದವರು ಅವರು. 1947ರಲ್ಲಿ ಸಂವಿಧಾನ ಸಭೆಗಾಗಿ ಬರೆದ ರಾಜ್ಯಗಳು ಮತ್ತು ಅಲ್ಪಸಂಖ್ಯಾತರು ಎಂಬ ಮನವಿಯಲ್ಲಿ ಒಂದು ಬೇಡಿಕೆ ಇದೆ. ಒಂದು ನೆಲೆಸು ಆಯೋಗ ರಚಿಸಬೇಕು, ಬಿದ್ದಿರುವ ಸಾಗುವಳಿ ಯೋಗ್ಯ ಸರ್ಕಾರಿ ಭೂಮಿಯನ್ನು ಅದರ ಕೈಗೆ ಕೊಡಬೇಕು, ಹಿಂದೂ ಹಳ್ಳಿಯ ಹಿಡಿತದಿಂದ ದಲಿತರನ್ನು ಬಿಡಿಸಿ ಅವರದೇ ಹಳ್ಳಿಗಳಲ್ಲಿ ನೆಲೆಗೊಳಿಸಬೇಕು ಅಂತ. ಇದನ್ನು ಪ್ರತ್ಯೇಕತಾವಾದ ಎಂದು ಬೈದವರು ಬೈದರು. ಸರಿಯಾಗಿ ಓದಿದರೆ ಅದು ಆಶ್ರಯ ಕೋರಿದ ಅರ್ಜಿ. ತನ್ನ ದೇಶದೊಳಗೇ, ತನ್ನ ದೇಶದವರಿಂದಲೇ ಆಗುವ ಹಿಂಸೆಯಿಂದ ಆಶ್ರಯ. ಸಂವಿಧಾನದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ಅದೇ ಬಗೆಯ ಯೋಜನೆ ಮುಂಡಗೋಡದಲ್ಲಿ ಜಾರಿಯಾಯಿತು, ಬೇರೆಯವರಿಗೆ.

ನೆಲ ಸಿಗದಿದ್ದಾಗ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಧರ್ಮದ ಗಡಿಯನ್ನೇ ದಾಟಿದರು. ಅಲ್ಲೂ ಚೆಕ್‌ಪೋಸ್ಟು ಇತ್ತು. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪರಿಚ್ಛೇದ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತ್ತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಡಿಲಿಕೆ ಸಿಕ್ಕಿತು. ಕ್ರೈಸ್ತನಾದ, ಮುಸಲ್ಮಾನನಾದ ದಲಿತನಿಗೆ ಇನ್ನೂ ಇಲ್ಲ.

ಇಲ್ಲಿ ಸಿದ್ದಿಗಳು ನಮಗೆ ದೊಡ್ಡ ಪಾಠ ಇಟ್ಟಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿ ಧರ್ಮ ಕೇಳುವುದಿಲ್ಲವಾದ್ದರಿಂದ ಹಿಂದೂ ಸಿದ್ದಿ, ಕ್ರೈಸ್ತ ಸಿದ್ದಿ, ಮುಸಲ್ಮಾನ ಸಿದ್ದಿ ಮೂವರೂ ಅದರಲ್ಲಿ ಒಂದೇ. ಪಟ್ಟಿಗಿಂತ ಮೊದಲೇ ಅವರು ಹಾಗೆ ಬದುಕುತ್ತಿದ್ದರು. ಮೂವರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಪದ್ಧತಿ ಇದೆ. ಸಾತುಂಬೈಲಿನ ಕಾಡಿನಲ್ಲಿರುವ ಸಿದ್ದಿನಾಸನ ಹತ್ತಿರ ಮೂವರೂ ಸೇರುತ್ತಾರೆ. ದೀಕ್ಷಾಸ್ನಾನದಲ್ಲಿ ಹೋದ ಹೆಸರು ಸಿಗಲಿಲ್ಲ, ಆದರೆ ಹೆಸರಿಲ್ಲದ ಹಿರಿಯನಿಗೂ ಎಡೆ ಉಂಟು. ವಂಶಾವಳಿ ಇಲ್ಲದವನ ಕಾದಂಬರಿ ಯಾವ ಆಕಾರದಲ್ಲಿ ಎಂದು ಮೇಲೆ ಕೇಳಿದೆವಲ್ಲ, ಅದರ ಸುಳಿವು ಆ ಎಡೆಯ ಸುತ್ತಲೇ ಇರಬೇಕು. ಹೊಸದಾಗಿ ಬರೆಯುತ್ತಿರುವ ಸಿದ್ದಿ ಹುಡುಗ ಹುಡುಗಿಯರು ನಮ್ಮ ನವ್ಯದ ಮಾದರಿಗೂ, ವಂಶಪುರಾಣದ ಮಾದರಿಗೂ ಬೀಳದೆ ಅದನ್ನು ಹುಡುಕಲಿ. ಡಮಾಮಿಯನ್ನು ಸರ್ಕಾರಿ ಉತ್ಸವದ ಮೆರವಣಿಗೆಯಲ್ಲಿ ನೋಡಿ ಚಪ್ಪಾಳೆ ತಟ್ಟುವ ನಮ್ಮ ಸಂಸ್ಕೃತಿ ಇಲಾಖೆಯವರಿಗೆ ಈ ಕೆಲಸ ಆಗದು.

ಇಷ್ಟರ ನಡುವೆ ಶಿರಸಿಯ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಬೇರೊಂದು ಬಗೆಯ ಅರ್ಜಿಗಳು ಬಿದ್ದಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ನಾಲ್ಕೂ ತಾಲ್ಲೂಕಿನವು ಅಲ್ಲಿಗೇ ಬರುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಕಾಡುಭೂಮಿಯಲ್ಲಿ ಇದ್ದೆ ಎಂದು ತೋರಿಸಿದರೆ ಸಾಕು. ಅದೇ ಕಾಡಿನಲ್ಲಿ, ಅದೇ ಬೇಲಿಯ ಈಚೆ ಗುಡಿಸಲು ಕಟ್ಟಿಕೊಂಡ ದಲಿತ ಮಾತ್ರ ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ತರಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆ ವರ್ಷ ಅವನ ಅಜ್ಜ ಯಾರದೋ ತೋಟದಲ್ಲಿ ಸೊಪ್ಪು ಹೊರುತ್ತಿದ್ದ. ತೋಟದ ಹೆಸರು ಪಹಣಿಯಲ್ಲಿ ಇದೆ, ಧಣಿಯ ಹೆಸರು ಇದೆ, ಬೆಟ್ಟದ ಸರ್ವೆ ನಂಬರು ಇದೆ. ಸಾವಿರಾರು ಅರ್ಜಿಗಳು ತಿರಸ್ಕೃತವಾಗಿ ವಾಪಸು ಬಂದಿವೆ. ವಾಪಸು ಬಂದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗುಡಿಸಲ ಜಂತಿಗೆ ಸಿಕ್ಕಿಸಿ ಇಟ್ಟಿದ್ದಾರೆ. ನಮ್ಮ ಹಳ್ಳಿಯ ಮೇಷ್ಟ್ರುಗಳು, ಕಾಲೇಜಿನ ಹುಡುಗರು ಆ ಕಾಗದಗಳನ್ನು ಇಳಿಸಿ ಓದಬೇಕು, ಅಜ್ಜನ ಹೆಸರನ್ನು ಕೇಳಿ ಬರೆದುಕೊಳ್ಳಬೇಕು, ಮೇಲ್ಮನವಿಗೆ ಕೊಟ್ಟಿರುವುದು 60 ದಿನ ಮಾತ್ರ.